ಅರವತ್ನಾಲ್ಕು ಕಿಲೋಬಿಟ್ ಹೆಚ್ಚು

ಟೆಲಿಫೋನ್ ಎಕ್ಸ್‌ಚೇಂಜಿನ ಹಳೇ ಯಂತ್ರಗಳನ್ನು ಶುಕ್ರವಾರ ಬಂದ್ ಮಾಡಬೇಕೆಂದು ಆದೇಶ ಬಂದಿತ್ತು. ಹಳೇ ರಿಜಿಸ್ಟರುಗಳಲ್ಲಿ ಚಾನೆಲ್ ಲೆಕ್ಕದಲ್ಲಿದ್ದುದನ್ನೆಲ್ಲ ಅಷ್ಟರೊಳಗೆ ಮೆಗಾಬಿಟ್ಟಿಗೆ ಬದಲಿಸುವ ಕೆಲಸ ಲೆಕ್ಕದಮ್ಮನ ತಲೆಗೆ ಬಿತ್ತು. ಆ ಹೆಸರಿಟ್ಟವರು ಆಫೀಸಿನವರೇ. ವಯಸ್ಸು ಇನ್ನೂ ಮೂವತ್ತೆರಡು. ಆದರೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕೂತರೆ ಯಾರದೋ ಅಜ್ಜಿಯ ಹಾಗೆ ಕಾಣುತ್ತಿದ್ದಳು.

ಕೆಲಸವೇನೋ ಸುಲಭದ್ದೇ. ಒಬ್ಬರ ದನಿ ತಂತಿಯಲ್ಲಿ ಸಾಗಲು ಸೆಕೆಂಡಿಗೆ ಅರವತ್ನಾಲ್ಕು ಕಿಲೋಬಿಟ್ ಬೇಕು. ಅದೇ ಒಂದು ಚಾನೆಲ್. ಮಾತಾಡಿದರೂ ಅಷ್ಟೇ, ಬಾಯಿ ಮುಚ್ಚಿಕೊಂಡು ಕೂತರೂ ಅಷ್ಟೇ. ಅಂಥ ಮೂವತ್ತೆರಡು ಸೇರಿದರೆ ಒಂದು ಕಂತೆ, ಎರಡು ಮೆಗಾಬಿಟ್ ಚಿಲ್ಲರೆ. ಬಳಕೆಯಲ್ಲಿರುವ ಚಾನೆಲ್‌ಗಳನ್ನು ಎಣಿಸಿ, ಅರವತ್ನಾಲ್ಕರಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಮುಗಿಯಿತು.

ಆದರೆ ಮುಗಿಯಲೇ ಇಲ್ಲ. ಯಂತ್ರದ ಮೀಟರು ಅವಳ ಮೊತ್ತಕ್ಕಿಂತ ಅರವತ್ನಾಲ್ಕು ಕಿಲೋಬಿಟ್ ಹೆಚ್ಚು ತೋರಿಸುತ್ತಿತ್ತು. ಮೂರು ಸಲ ಕೂಡಿದಳು. ಮೂರು ಸಲವೂ ಅದೇ. ಮೆಗಾಬಿಟ್ಟಿಗೆ ತಂದರೆ ಸೊನ್ನೆ ಪಾಯಿಂಟ್ ಸೊನ್ನೆ ಆರು, ಅದನ್ನು ಯಾರು ಭೂತಗನ್ನಡಿ ಹಿಡಿದು ನೋಡುತ್ತಾರೆ, ಬಿಟ್ಟುಬಿಡು ಎಂದು ಸಾಹೇಬರು ನಕ್ಕರು. ಅವಳಿಗೆ ನಗು ಬರಲಿಲ್ಲ. ಅದು ಸರಿಯಾಗಿ ಒಬ್ಬ ಮನುಷ್ಯನ ದನಿಯಷ್ಟಿತ್ತು.

ಬುಧವಾರ ಮಧ್ಯಾಹ್ನ ರಿಜಿಸ್ಟರು ಹಿಡಿದು ಯಂತ್ರಗಳ ಹಾಲಿಗೆ ಹೋಗಿ ಒಂದೊಂದೇ ದೀಪ ನೋಡುತ್ತ ಬಂದಳು. ಕೊನೆಯ ಸಾಲಿನ ಬುಡದಲ್ಲಿ ‘ಬೆಟ್ಟದ ಕೇಂದ್ರ’ ಎಂಬ ತಗಡಿನ ಪಟ್ಟಿಯಿತ್ತು. ಆ ಕಂತೆಯನ್ನು ಒಂಬತ್ತು ವರ್ಷದ ಹಿಂದೆಯೇ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದರು. ದೀಪಗಳೆಲ್ಲ ಸತ್ತಿದ್ದವು. ಒಂದರ ಮೇಲೆ ಮಾತ್ರ ಕಪ್ಪು ಟೇಪು ಅಂಟಿಸಿತ್ತು. ಉಗುರಿನಿಂದ ಕೆರೆದು ಕಿತ್ತಳು. ಕೆಳಗೆ ಹಸಿರು ದೀಪ ನಿಶ್ಚಲವಾಗಿ ಉರಿಯುತ್ತಿತ್ತು.

“ಮುಟ್ಟಬೇಡ ತಾಯಿ,” ಎಂದಿತು ಬೆನ್ನ ಹಿಂದಿನ ದನಿ.

ತಂತಿ ಮಾವ ನಿಂತಿದ್ದರು. ಹಿರಿಯ ಟೆಕ್ನಿಷಿಯನ್, ಆಫೀಸಿಗೆಲ್ಲ ಮಾವ. ಮಾತಿಗೊಮ್ಮೆ ತಮಾಷೆ ಮಾಡುವ ಮನುಷ್ಯನ ಮುಖ ಬಿಳಿಚಿಕೊಂಡಿತ್ತು. ಟೇಪು ಅಂಟಿಸಿದ್ದು ತಾನೇ ಎಂದರು. ಆಮೇಲೆ ಕೇಬಲ್ ಸುರುಳಿಯ ಮೇಲೆ ಕುಸಿದು ಕೂತು ಹೇಳತೊಡಗಿದರು.

ಬೆಟ್ಟದ ಕೇಂದ್ರದಲ್ಲಿ ಆಪರೇಟರ್ ಆಗಿದ್ದವಳು ಅವರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವಳು. ದಿನಾ ಮಧ್ಯಾಹ್ನ ಅವಳು ಅಲ್ಲಿಂದ ಐದರ ತನಕ ಎಣಿಸಬೇಕು, ಇವರು ಇಲ್ಲಿಂದ ಹಿಂದಕ್ಕೆ ಎಣಿಸಬೇಕು, ಲೈನು ಸರಿಯಿದೆ ಎಂದು ಬರೆದುಕೊಂಡು ಇಬ್ಬರೂ ಫೋನ್ ಇಡಬೇಕು. ಅವಳಿಗೆ ಒಂದು ಮಾತೂ ಹೇಳದೆ ಇವರು ನಡುವಯಸ್ಸಿನಲ್ಲಿ ಮದುವೆ ಗೊತ್ತುಮಾಡಿಕೊಂಡದ್ದಕ್ಕೆ ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟುಹೋಯಿತು. ಅದೇ ವಾರ ಬಿರುಗಾಳಿಗೆ ಬೆಟ್ಟದ ದಾರಿ ಕುಸಿದು, ಉಳಿದ ಚಾನೆಲ್‌ಗಳೆಲ್ಲ ಕೆಟ್ಟು, ಈ ದೀಪದ ಚಾನೆಲ್ ಒಂದೇ ಉಳಿದಿತ್ತು.

“ಎಣಿಸಿ ‘ಕೇಳಿಸ್ತಾ’ ಅನ್ನೋಳು. ನಾನು ಹಟಕ್ಕೆ ಬಿದ್ದು ರಿಸೀವರನ್ನ ಮೇಜಿನ ಮೇಲೆ ಮಲಗಿಸಿಬಿಡ್ತಿದ್ದೆ. ಲೈನ್ ಸರಿ ಇಲ್ಲ ಅಂತ ಪುಸ್ತಕದಲ್ಲಿ ಬರೀತಿದ್ದೆ. ನಾಲ್ಕು ದಿನ.”

ಐದನೇ ದಿನ ಜನ ಹತ್ತಿ ಹೋದಾಗ ಅವಳು ಜ್ವರದಲ್ಲಿ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದಳು. ರಿಸೀವರು ಕಿವಿಗೇ ಇತ್ತಂತೆ.

“ಆಮೇಲೆ ಬೆಟ್ಟದ ಕೇಬಲ್ಲನ್ನ ಕೈಯಾರೆ ಸುತ್ತಿ ಲಾರಿಗೆ ಹಾಕಿದೋನು ನಾನೇ,” ಎಂದರು ಮಾವ. “ಈ ದೀಪದ ಹಿಂದೆ ತಂತೀನೇ ಇಲ್ಲ ತಾಯಿ.”

ಯಾವತ್ತಾದರೂ ಈ ಲೈನಿಗೆ ಕಿವಿಗೊಟ್ಟಿದ್ದೀರಾ ಎಂದಳು. ಅವರು ತಲೆಯಾಡಿಸಿದರು, ಇಲ್ಲ. ಲೆಕ್ಕದಮ್ಮ ಲೈನು ಪರೀಕ್ಷಿಸುವ ಫೋನನ್ನು ಆ ದೀಪದ ಪಕ್ಕ ಸಿಕ್ಕಿಸಿ ಕಿವಿಗಿಟ್ಟಳು. ಮೊದಲು ಖಾಲಿ ಕೋಣೆಯೊಂದರ ಸದ್ದು, ಬಾಗಿಲ ಸಂದಿಯಲ್ಲಿ ನುಗ್ಗುವ ಗಾಳಿ. ಆಮೇಲೆ ದಣಿದ, ಆತುರವೇ ಇಲ್ಲದ ಹೆಣ್ಣುದನಿ.

“ಒಂದು. ಎರಡು. ಮೂರು. ನಾಲ್ಕು. ಐದು. ಕೇಳಿಸ್ತಾ?”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿಂದ. ಲೆಕ್ಕದಮ್ಮ ಫೋನ್ ಚಾಚಿದರೆ ಮಾವ ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡರು.

“ಮಾವ, ಶುಕ್ರವಾರ ಇದನ್ನ ಆರಿಸ್ತಾರೆ,” ಎಂದಳು ಮೆಲ್ಲಗೆ. “ಆಮೇಲೆ ನಿಮ್ಮ ಅಕ್ಕನಿಗೆ ‘ಕೇಳಿಸ್ತಾ’ ಅನ್ನೋದಕ್ಕೂ ಜಾಗ ಇರಲ್ಲ.”

ಅವರು ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡರು. ಐದು ಎಂದರು. ನಾಲ್ಕು, ಮೂರು. ಎರಡು. ಒಂದು. ಅತ್ತ ಗಾಳಿಯ ಸದ್ದು ಥಟ್ಟನೆ ನಿಂತಿತು. ಪಕ್ಕದಲ್ಲಿದ್ದ ಲೆಕ್ಕದಮ್ಮನಿಗೂ ಸ್ಪಷ್ಟವಾಗಿ ಕೇಳಿಸಿತು.

“ಪುಟ್ಟಾ, ನಿನ್ ದನಿ ಮುದಿಯಾಗಿದೆಯಲ್ಲೋ.”

“ಹೂಂ ಅಕ್ಕ.”

“ಊಟ ಆಯ್ತಾ?”

“ಇನ್ನೂ ಇಲ್ಲ.”

“ಹೋಗಿ ಉಣ್ಣು. ನಾನು ಇಡ್ತೀನಿ.”

ಹಸಿರು ದೀಪ ಆರಿತು. ಮಾವ ಫೋನನ್ನು ಎದೆಗೊತ್ತಿಕೊಂಡು ನಿಂತೇ ಇದ್ದರು. ಅವಳು ಅವರ ಮುಖ ನೋಡಲಿಲ್ಲ.

ಮೀಟರು ಅವಳ ಮೊತ್ತಕ್ಕೆ ಇಳಿದಿತ್ತು. ಕರೆ ಮುಗಿದಾಗಲೆಲ್ಲ ಚೀಟಿ ಮುದ್ರಿಸುವ ಯಂತ್ರ ಮೂಲೆಯಲ್ಲಿ ಕಟಕಟ ಎಂದು ಒಂದು ಚೀಟಿ ಉಗುಳಿತು. ಒಂದೇ ಕರೆ, ಒಂಬತ್ತು ವರ್ಷ ಚಿಲ್ಲರೆ. ಅಭ್ಯಾಸಬಲದಿಂದ ಅವಳ ಮನಸ್ಸು ಗುಣಿಸಿಯೇಬಿಟ್ಟಿತು: ಎರಡೂಕಾಲು ಲಕ್ಷ ಕೋಟಿ ಬೈಟು. ಕಾದು ಕೂತ ಮೌನವೂ ಅದರಲ್ಲಿ ಸೇರಿತ್ತು. ಕೆಳಗೆ ಇನ್ನೊಂದು ಸಾಲಿತ್ತು: ಮೊದಲು ಫೋನ್ ಇಟ್ಟವರು, ಆ ಕಡೆ.

ಚೀಟಿ ಹರಿದು ಮಾವನ ಕೈಗೆ ಕೊಟ್ಟಳು. ಅವರು ನಿಧಾನವಾಗಿ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡರು. ನಲ್ಲಿಯಲ್ಲಿ ಮುಖ ತೊಳೆದು, ಡಬ್ಬಿ ಬಿಚ್ಚಿ ಊಟಕ್ಕೆ ಕೂತರು.