ಎರಡು ಬೆರಳು ತಗ್ಗಿಸಿದ ಸೀಟು

ಬೈಕಿನ ಸೀಟುಗಳಿಗೆ ಕವರ್ ಹೊಲಿಯುವುದು ನನ್ನ ಕಸುಬು. ನನ್ನ ಹೊಲಿಗೆ ಮೇಜಿನ ಮೇಲೆ ಎಂಟು ತಿಂಗಳು, ಬೈಕನ್ನು ಒದ್ದು ಸ್ಟಾರ್ಟ್ ಮಾಡುವ ಒಂದು ಕಿಕ್ಕರ್ ಇತ್ತು. ರೆಕ್ಸಿನ್ ಕತ್ತರಿಸುವಾಗ ಅಂಚು ಸುರುಳಿ ಸುತ್ತಿಕೊಳ್ಳದಂತೆ ಅದನ್ನೇ ಭಾರಕ್ಕೆ ಇಡುತ್ತಿದ್ದೆ. ಯಾರಾದರೂ ಕೇಳಿದರೆ, ಅದು ನನ್ನ ಹಳೇ ಗಾಡಿಯದು, ಗಾಡಿ ಗುಜರಿಗೆ ಹೋದ ದಿನ ನೆನಪಿಗಿರಲಿ ಅಂತ ನಮ್ಮ ಮನೆಯವರು ಬಿಚ್ಚಿಸಿಕೊಂಡು ಬಂದದ್ದು ಎಂದು ಹೇಳುತ್ತಿದ್ದೆ. ಅಂಥ ಗಂಡ ಸಿಗಬೇಕು ನೋಡಿ ಎಂದು ಒಬ್ಬಾಕೆ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಆ ಗಾಡಿ ನನ್ನ ಹತ್ತಿರ ಹತ್ತೊಂಬತ್ತು ವರ್ಷ ಇತ್ತು. ಮದುವೆಗೆ ಮುಂಚೆಯೇ ಕೊಂಡದ್ದು. ನಾನು ಕುಳ್ಳಿ, ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಾಗಾಗಿ ನಾನು ಮೊದಲು ಕೈಹಾಕಿದ ಸೀಟಿನ ಕೆಲಸವೇ ಅದರದ್ದು. ಸ್ಪಂಜನ್ನು ಎರಡು ಬೆರಳಷ್ಟು ಕೊಯ್ದು ತಗ್ಗಿಸಿ, ನೀರು ಇಳಿಯದಿರಲೆಂದು ಹರಿದ ನೀಲಿ ರೇನ್‌ಕೋಟನ್ನು ಅದರ ಮೇಲೆ ಹಾಸಿ, ಕವರ್ ಎಳೆದಿದ್ದೆ. ಕೋಟಿನ ಜೇಬು ಬಿಚ್ಚುವಷ್ಟು ತಾಳ್ಮೆ ಆಗ ಇರಲಿಲ್ಲ. ಜೇಬು, ಅದರ ಗುಂಡಿ, ಎಲ್ಲ ಒಳಗೇ ಹೋಯಿತು.

ಸುಮ್ಮನೆ ಸ್ಟಾರ್ಟ್ ಆಗುವ ಗಾಡಿ ಅಲ್ಲ ಅದು. ಚೋಕ್ ಎಳೆದು, ಕೀ ತಿರುಗಿಸದೆ ಎರಡು ಸಲ ಒದೆಯಬೇಕು. ಆಮೇಲೆ ಕೀ ತಿರುಗಿಸಿ ಒಂದು ಉಸಿರು ಬಿಡುವಷ್ಟು ಹೊತ್ತು ಕಾಯಬೇಕು. ಆ ಉಸಿರಿನಲ್ಲೇ ಎಡಗೈಯನ್ನು ಟ್ಯಾಂಕಿನ ಕೆಳಗೆ ಹಾಕಿ ಚೋಕನ್ನು ಅರ್ಧ ಇಳಿಸಿ, ಮೂರನೆಯದನ್ನು ಮನಸ್ಸಿಟ್ಟು ಒದೆಯಬೇಕು. ನಮ್ಮವರಿಗೆ ಅದು ಒಲಿಯಲೇ ಇಲ್ಲ. ಆರಡಿ ಆಳು, ಒದ್ದು ಒದ್ದು ಅಂಗಿ ಒದ್ದೆ ಮಾಡಿಕೊಂಡು, ಇದಕ್ಕೆ ನಿನ್ನ ಕಾಲೇ ಬೇಕಂತೆ ಎಂದು ಜಗಲಿಗೆ ಹೋಗಿ ನಿಲ್ಲುತ್ತಿದ್ದರು. ಅವರು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ನಾನೇ ಅವರನ್ನು ಹಿಂದೆ ಕೂರಿಸಿಕೊಂಡು ಡಿಪೋಗೆ ಬಿಟ್ಟು ಅಂಗಡಿಗೆ ಬರುತ್ತಿದ್ದೆ. ಡ್ರೈವರುಗಳು ಅವರಿಗೆ 'ಹಿಂದಿನ ಸೀಟಿನ ಸಾಹೇಬರು' ಎಂದು ಹೆಸರಿಟ್ಟಿದ್ದರು. ಅದನ್ನು ಅವರೇ ಮನೆಗೆ ಬಂದು ನಗುತ್ತ ಹೇಳಿದ್ದರು. ನಮ್ಮತ್ತೆ ಬದುಕಿದ್ದಾಗ, ನಿನಗೆ ಆ ಗಾಡಿಯನ್ನೇ ಕಟ್ಟಬೇಕಿತ್ತು, ನನ್ನ ಮಗ ಸುಮ್ಮನೆ ಜೊತೆಗೆ ಬಂದ ಸಾಮಾನು ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಎಲ್ಲರೂ ಅಂತಲೇ ನಾನು ತಿಳಿದಿದ್ದೆ.

ಹೋದ ವರ್ಷ ನನ್ನ ಬಲ ಮಂಡಿ ಊದಿಕೊಂಡು ಹದಿನೈದು ದಿನ ಹಾಸಿಗೆ ಹಿಡಿದೆ. ಅದೇ ಸಮಯದಲ್ಲಿ ಗಾಡಿಯ ಎಂಜಿನ್ ಹೋಯಿತು, ಮೆಕ್ಯಾನಿಕ್ ಕೈಚೆಲ್ಲಿಬಿಟ್ಟ ಎಂದು ಇವರು ಹೇಳಿದರು. ಗುಜರಿಯವನಿಗೂ ಸಹಿ ಬೇಕಂತೆ ಎಂದು ದಿಂಬಿನ ಪಕ್ಕದಲ್ಲೇ ಕಾಗದ ಇಟ್ಟರು. ನಾನು ಓದಲಿಲ್ಲ. ಯಾಕೆ ಓದಲಿ, ಕಾಗದ ಹಿಡಿದು ನಿಂತವರು ಇವರು. ಸಂಜೆ ಬಂದು ಕಿಕ್ಕರನ್ನು ನನ್ನ ಕೈಗಿಟ್ಟು ಹೇಳಿದರು:

"ಕಣ್ಣೆದುರೇ ಕತ್ತರಿಸಿದ್ರು ಕಣೇ. ನೀನು ನೋಡದೇ ಇದ್ದದ್ದೇ ಒಳ್ಳೇದಾಯ್ತು."

ನಾನು ಅತ್ತುಬಿಟ್ಟೆ. ಅವರು ನನ್ನ ತಲೆ ಸವರಿದರು.

ಮುಂದಿನ ತಿಂಗಳು ಹೊಸ ಗಾಡಿ ಬಂತು. ಬೂದು ಬಣ್ಣ, ಗುಂಡಿ ಒತ್ತಿದರೆ ಸಾಕು, ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ಸುಳ್ಳು ಯಾಕೆ, ನನಗೂ ಹಿಡಿಸಿತು. ಸೊಂಟ ನೋಯುವುದಿಲ್ಲ, ಸೀರೆಗೆ ಎಣ್ಣೆ ಮೆತ್ತುವುದಿಲ್ಲ. ಓಡಿಸುವುದು ಹೆಚ್ಚಾಗಿ ಇವರೇ; ಮಂಡಿ ನೆಪದಲ್ಲಿ ನಾನು ಹಿಂದೆ ಕೂರುತ್ತಿದ್ದೆ. ಹಾಗೆ ಹಾಯಾಗಿ ಕೂತಾಗಲೆಲ್ಲ ಹಳೆಯದಕ್ಕೆ ದ್ರೋಹ ಮಾಡಿದೆ ಎನ್ನಿಸುತ್ತಿತ್ತು. ಹದಿನೈದು ದಿನ ಮಲಗಿದ್ದಕ್ಕೆ ಅದನ್ನು ಕೊಂದುಬಿಟ್ಟೆನಲ್ಲ ಎಂದು ಅಂಗಡಿಗೆ ಹೋದ ತಕ್ಷಣ ಕಿಕ್ಕರನ್ನು ಒರೆಸಿಡುತ್ತಿದ್ದೆ. ಅದರ ರಬ್ಬರು ನಡುವೆ ಸವೆದಿತ್ತು. ನನ್ನದು ಹೊರಗಿನ ಅಂಚಲ್ಲಿ ಸವೆದಿತ್ತಲ್ಲ ಎಂದು ಒಂದೆರಡು ಸಲ ಹೊಳೆದದ್ದುಂಟು. ದುಃಖದಲ್ಲಿ ಎಲ್ಲ ಬೇರೆಯೇ ಕಾಣುತ್ತದೆ ಎಂದು ಸುಮ್ಮನಾದೆ. ಕಬ್ಬಿಣದ ವಿಷಯದಲ್ಲಿ ನನ್ನನ್ನು ಯಾರು ಬೇಕಾದರೂ ಏಮಾರಿಸಬಹುದು. ಸೀಟಿನ ವಿಷಯದಲ್ಲಿ ಆಗುವುದಿಲ್ಲ.

ಮೊನ್ನೆ ಬುಧವಾರ ಒಬ್ಬ ಎತ್ತರದ ಹೆಂಗಸು ಗೋಣಿಚೀಲದಲ್ಲಿ ಬರೀ ಸೀಟು ಹೊತ್ತು ತಂದಳು. ಜಮೀನು ಅಳೆಯುವ ಸರ್ವೆಯರ್ ಅಂತೆ, ದಿನವಿಡೀ ಗಾಡಿ ಮೇಲೆ ತಿರುಗುವ ಕೆಲಸ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ, ಅದಕ್ಕೇ ಸೀಟನ್ನಷ್ಟೇ ಬಿಚ್ಚಿ ತಂದೆ ಎಂದಳು. ಅವಳ ಉದ್ದ ಕಾಲಿಗೆ ಸೀಟು ತೀರಾ ತಗ್ಗು, ಮಂಡಿ ಗದ್ದಕ್ಕೆ ಬಡಿಯುತ್ತದೆ, ಎರಡು ಬೆರಳು ಏರಿಸಬೇಕಂತೆ. ಹಳೇ ಕವರ್ ತೆಗೆಸಿ ಅವಳೇ ಹೊಸದು ಹಾಕಿಸಿದ್ದಳು. ನಾನು ಪಿನ್ನು ಕಿತ್ತು ಕವರ್ ಎತ್ತಿದೆ.

ನೀಲಿ ಜೇಬು. ಅದರ ಗುಂಡಿ.

ಕೆಲಸದ ಕೈ, ತಾನಾಗಿಯೇ ಸ್ಪಂಜಿನ ಅಂಚು ಸವರಿತು. ನಾನು ಕೊಯ್ಯುವಾಗ ಕತ್ತಿ ಜಾರಿ ಆಗಿದ್ದ ತಗ್ಗು ಅಲ್ಲೇ ಇತ್ತು. ಗಾಡಿ ಯಾರಿಂದ ತಗೊಂಡಿರಿ ಎಂದು ಕೇಳಿದೆ. ನನ್ನ ಧ್ವನಿ ಎಂದಿನಂತೆಯೇ ಇತ್ತು. ಅದೇ ನನಗೆ ಆಶ್ಚರ್ಯ.

ಡಿಪೋದ ಟೈಮ್‌ಕೀಪರ್ ಒಬ್ಬರು, ತುಂಬ ಒಳ್ಳೆಯ ಮನುಷ್ಯ, ಎಂಟು ತಿಂಗಳಾಯಿತು ಎಂದಳು. ಮಗುವನ್ನು ಒಪ್ಪಿಸುವ ಹಾಗೆ ಒಪ್ಪಿಸಿದರಂತೆ. ಕಾಗದದಲ್ಲಿ ಹೆಂಡತಿಯ ಹೆಸರಿದ್ದರೂ ಹತ್ತೊಂಬತ್ತು ವರ್ಷ ತಾನೇ ಓಡಿಸಿದ್ದು, ಬೇರೆ ಯಾರ ಕೈಗೂ ಕೊಟ್ಟಿಲ್ಲ ಎಂದರಂತೆ. ಒದೆಯುವ ಕ್ರಮವನ್ನೂ ಹೇಳಿಕೊಟ್ಟರಂತೆ: ಚೋಕ್ ಎಳೆದು ಎರಡು ಖಾಲಿ ಒದೆತ, ಕೀ, ಒಂದು ಉಸಿರು, ಆಮೇಲೆ ಮೂರನೆಯದು.

"ಆದ್ರೂ ಹತ್ತಕ್ಕೆ ಆರು ಸಲ ಕೈ ಕೊಡುತ್ತೆ ಅಕ್ಕ," ಎಂದಳು. "ಅವರ ಮನೆಯವರಿಗೆ ಗಾಡಿ ಅಂದ್ರೇ ಭಯವಂತೆ. ಹಿಂದೆ ಕೂತ್ರೂ ಕಣ್ಮುಚ್ಕೊಂಡೇ ಇರ್ತಿದ್ರಂತೆ, ಪಾಪ."

ನಾಳೆ ಹತ್ತು ಗಂಟೆಗೆ ಗಾಡಿ ತನ್ನಿ, ಸೀಟು ಕೂರಿಸಿಯೇ ಕೊಡುತ್ತೇನೆ ಎಂದು ಕಳಿಸಿದೆ. ಬಹಳ ಹೊತ್ತು ಸೀಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಗುಜರಿ ಎಂದದ್ದು ಸುಳ್ಳು, ಕಿಕ್ಕರ್ ಸುಳ್ಳು. ಅವನ್ನು ಹೇಗೋ ನುಂಗಬಹುದಿತ್ತು. ಆದರೆ ಆ ಒಂದು ಉಸಿರು? ಜಗಲಿಯಲ್ಲಿ ನಿಂತು ಇವರು ಎಲ್ಲೋ ನೋಡುತ್ತಿರುತ್ತಾರೆ ಎಂದುಕೊಂಡಿದ್ದೆ. ನನ್ನನ್ನೇ ನೋಡುತ್ತಿದ್ದರು, ನನ್ನ ಆ ಒಂದು ಉಸಿರನ್ನೂ ತಪ್ಪಿಸದೆ. ಹಾಗೆ ನೋಡಿದ್ದನ್ನು ಒಂದು ದಿನವೂ ನನಗೆ ಹೇಳದೆ, ತಮ್ಮದೆಂದು ಪರರಿಗೆ ಹೇಳಿದರು.

ಸಂಜೆ ಮನೆಗೆ ಹೋದಾಗ ಇವರು ಹೊಸ ಗಾಡಿಯ ಕನ್ನಡಿ ಒರೆಸುತ್ತಿದ್ದರು. ಸರ್ವೆಯರ್ ಬಂದಿದ್ದಳು ಎಂದೆ. ಬಟ್ಟೆ ಹಿಡಿದ ಕೈ ನಿಂತಿತು. ಅಷ್ಟೇ ಸಾಕಿತ್ತು. ಮೊದಲು ನನ್ನ ಮಂಡಿಯ ಮಾತು ಬಂತು: ಡಾಕ್ಟರು ಒದೆಯಬೇಡಿ ಅಂದಿದ್ದರು, ಗಾಡಿ ಕಣ್ಣೆದುರಿಗಿದ್ದರೆ ನೀನು ಕೇಳುತ್ತಿದ್ದೆಯಾ, ನಿನ್ನ ಒಳ್ಳೆಯದಕ್ಕೇ ಮಾಡಿದ್ದು.

"ಕೇಳಿದ್ರೆ ಕೊಡ್ತಿದ್ಯಾ?" ಎಂದರು.

"ಇಲ್ಲ."

"ಮತ್ತೆ?"

ಕೊಡುತ್ತಿರಲಿಲ್ಲ, ನಿಜ. ಮಂಡಿ ಹೋದರೂ ಕೊಡುತ್ತಿರಲಿಲ್ಲ. ಕಿಕ್ಕರ್ ಎಲ್ಲಿಯದು ಎಂದು ಕೇಳಿದೆ. ಗುಜರಿಯ ರಾಶಿಯಲ್ಲಿ ಸಿಕ್ಕಿತು, ನೀನು ಅಳುವುದನ್ನು ನೋಡಲಾಗುತ್ತಿರಲಿಲ್ಲ ಎಂದರು. ಅದನ್ನು ಹೇಳುವಾಗ ಅವರ ಕಣ್ಣೂ ಒದ್ದೆಯಾಯಿತು. ಅದು ಸುಳ್ಳಲ್ಲ ಎಂದು ನನಗೆ ಗೊತ್ತು. ಇಷ್ಟು ವರ್ಷ ಜೊತೆಗಿದ್ದರೆ ಅಷ್ಟು ಗೊತ್ತಾಗುತ್ತದೆ.

"ನಂಗೆ ಭಯ ಅಂತ ಯಾಕೆ ಹೇಳಿದ್ರಿ?"

ಕನ್ನಡಿಯ ಅದೇ ಜಾಗವನ್ನು ಮತ್ತೆ ಒರೆಸಿದರು. "ಮಾತಿಗೆ ಬಂತು, ಹೇಳ್ದೆ. ಒಂದ್ಸಲನಾದ್ರೂ ಆ ಗಾಡಿ ನಂದು ಅಂತ ಅನ್ನಿಸ್ಕೋಬೇಕಿತ್ತು."

ಜಗಳ ಆಡುವ ಶಕ್ತಿ ನನಗಿರಲಿಲ್ಲ. ಗಾಡಿ ವಾಪಸ್ಸು ಬೇಡ, ಹೊಸದನ್ನು ಮಾರುವುದೂ ಬೇಡ ಎಂದೆ. ನಾಳೆ ಹತ್ತಕ್ಕೆ ಆಕೆ ಬರುತ್ತಾಳೆ. ಅಂಗಡಿಗೆ ಬಂದು, ಗಾಡಿ ಓಡಿಸುತ್ತಿದ್ದವಳು ಇವಳು ಎಂದು ನಿಮ್ಮ ಬಾಯಿಂದ ಒಂದು ಮಾತು ಹೇಳಿ, ನನಗೆ ಬೇಕಾದದ್ದು ಅಷ್ಟೇ ಎಂದೆ. ಅಷ್ಟೇ ತಾನೆ, ಬರ್ತೀನಿ ಬಿಡು ಎಂದರು. ಊಟಕ್ಕೆ ತಾವೇ ತಟ್ಟೆ ಹಾಕಿದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರಿರಲಿಲ್ಲ. ಯಾರೋ ರಜೆ ಹಾಕಿದ್ದಾರಂತೆ, ಮೊದಲ ಪಾಳಿಗೆ ಕರೆದರಂತೆ. ಚೀಟಿಯನ್ನು ಗುಳಿಗೆ ಡಬ್ಬಿಯ ಕೆಳಗೆ ಇಟ್ಟಿದ್ದರು, ನಾನು ಮಂಡಿಯ ಗುಳಿಗೆ ಮರೆಯದಿರಲೆಂದು.

ಹತ್ತಕ್ಕೆ ಸರ್ವೆಯರ್ ಗಾಡಿಯನ್ನು ತಳ್ಳಿಕೊಂಡೇ ಬಂದಳು. ಬೆವರಿದ್ದಳು. ಟ್ಯಾಂಕಿಗೆ ಕೆಂಪು ಬಳಿಸಿದ್ದಳು, ಚೆನ್ನಾಗಿ ಒಪ್ಪಿತ್ತು. ಕಿಕ್ಕರಿನ ರಬ್ಬರು ಹೊರಗಿನ ಅಂಚಲ್ಲಿ ಸವೆದಿತ್ತು. ಹತ್ತೂವರೆಯವರೆಗೆ ನಾನು ಅದೂ ಇದೂ ಮಾಡುತ್ತ ಬೀದಿ ನೋಡಿದೆ. ಆಮೇಲೆ ಸೀಟು ಕೂರಿಸಿದೆ. ರೇನ್‌ಕೋಟನ್ನು ತೆಗೆಯಲಿಲ್ಲ, ಅದರ ಮೇಲೆಯೇ ಎರಡು ಬೆರಳಷ್ಟು ಹೊಸ ಸ್ಪಂಜು ಇಟ್ಟು ಹೊಲಿದಿದ್ದೆ.

ಅವಳು ಖುಷಿಯಿಂದ ಸ್ಟಾರ್ಟ್ ಮಾಡಲು ಹೋದಳು. ಎರಡು ಒದೆತ, ಕೀ, ಒಂದು ಉಸಿರು, ಮೂರನೆಯದು. ಆಗಲಿಲ್ಲ. ಮತ್ತೆ ಮಾಡಿದಳು. ಅವಳ ಎಡಗೈ ಹ್ಯಾಂಡಲ್ ಬಿಟ್ಟು ಅಲ್ಲಾಡಲಿಲ್ಲ. ಆಗ ಹೊಳೆಯಿತು. ನಮ್ಮ ಜಗಲಿ ಇರುವುದು ಗಾಡಿಯ ಬಲಗಡೆ. ಅಲ್ಲಿಂದ ನನ್ನ ಕಾಲು ಕಾಣುತ್ತಿತ್ತು, ಎದೆ ಏರಿಳಿಯುವುದು ಕಾಣುತ್ತಿತ್ತು. ಟ್ಯಾಂಕಿನ ಆಚೆ ಎಡಗೈ ಏನು ಮಾಡುತ್ತಿದೆ ಎಂದು ಕಾಣುತ್ತಿರಲಿಲ್ಲ.

"ಸ್ವಲ್ಪ ಸರೀರಿ ಮೇಡಂ," ಎಂದೆ.

ಸೆರಗು ಸಿಕ್ಕಿಸಿ, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಪಕ್ಕದಲ್ಲಿ ನಿಂತೆ. ಎರಡು ಒದೆತ. ಮಂಡಿ ಚುರುಕ್ ಎಂದಿತು. ಕೀ. ಉಸಿರು. ಎಡಗೈ ಚೋಕನ್ನು ಅರ್ಧ ಇಳಿಸಿತು. ಮೂರನೆಯದಕ್ಕೆ ಗಾಡಿ ಹಳೆಯ ಕೆಮ್ಮು ಒಂದು ಕೆಮ್ಮಿ ಮಾತಾಡಿತು.

ಸರ್ವೆಯರ್ ನನ್ನ ಕಾಲು ನೋಡಿದಳು, ನನ್ನ ಎತ್ತರ ನೋಡಿದಳು, ಸೀಟು ನೋಡಿದಳು. ಅಳತೆಯೇ ಅವಳ ಕೆಲಸ.

"ಅಕ್ಕ, ಇದು ನಿಮ್ಮದಾ?"

"ಹತ್ತೊಂಬತ್ತು ವರ್ಷ," ಎಂದೆ. ಚೋಕ್ ತೋರಿಸಿಕೊಟ್ಟೆ. ನಾಲ್ಕು ಸಲ ಅವಳ ಕೈಯಿಂದಲೇ ಮಾಡಿಸಿದೆ. ಒಮ್ಮೆ ಕೂತು ನೋಡಿ ಎಂದಳು. ಕೂತೆ. ಕಾಲು ನೆಲಕ್ಕೆ ಎಟುಕಲಿಲ್ಲ. ಇಳಿದೆ.

ಸಂಜೆ ಇವರು ಹೊಸ ಗಾಡಿಯಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಬಂದರು. ಕೆಳಗೆ ಇಳಿಯಲಿಲ್ಲ. ಆಕೆ ಬಂದಿದ್ದಳಾ, ಏನಂದಳು ಎಂದು ಹೆಲ್ಮೆಟ್ಟಿನೊಳಗಿಂದಲೇ ಕೇಳಿದರು.

"ಚೋಕ್ ಅರ್ಧ ಇಳಿಸೋದನ್ನ ನೀವು ಹೇಳಿರಲಿಲ್ಲವಂತೆ."

"ಯಾವ ಅರ್ಧ?" ಎಂದರು.

ನಾನು ಒಳಗೆ ಹೋಗಿ ಮೇಜಿನ ಮೇಲಿದ್ದ ಕಿಕ್ಕರನ್ನು ತಂದು ಅವರ ಕೈಗಿಟ್ಟೆ. ಇದು ಯಾರದೋ, ತಂದ ಕಡೆಯೇ ಹಾಕಿ ಬನ್ನಿ ಎಂದೆ. ಅವರು ಅದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ, ಒಂದು ಕೈಯಲ್ಲಿ ಅದು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಹತ್ತು, ಹೋಗೋಣ ಎಂದರು.

ಅಂಗಡಿಗೆ ಬೀಗ ಹಾಕಿ ನಡೆದೇ ಹೊರಟೆ. ಬೂದು ಗಾಡಿ ಸ್ವಲ್ಪ ದೂರ ಮೆಲ್ಲಗೆ, ಸದ್ದೇ ಇಲ್ಲದೆ, ನನ್ನ ಪಕ್ಕದಲ್ಲಿ ಬಂತು. ನಾನು ಆ ಕಡೆ ನೋಡಲಿಲ್ಲ.