ಮೊದಲ ಗಿರಾಕಿ

ಕಚೇರಿಯ ಕಿಟಕಿಯ ಹಿಂದೆ ಕೂತು ಜನರನ್ನು ಸತಾಯಿಸುವ ಕೆಲಸ ಅವನಿಗೆ ಎಂದೂ ಹಿಡಿಸಿರಲಿಲ್ಲ. ಚಡ್ಡಿ ಹಾಕುವ ಕಾಲದಿಂದಲೂ ಇದ್ದ ಆಸೆ ಒಂದೇ, ದರ್ಜಿಯಾಗಬೇಕು. ತಲೆ ನರೆತ ಮೇಲೆ ರಾಜೀನಾಮೆ ಬಿಸಾಕಿ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟ. ತಿಂಗಳಿಡೀ ನೊಣ ಹೊಡೆದದ್ದೇ ಬಂತು. "ಈ ವಾರವೂ ಯಾರೂ ಬರದಿದ್ರೆ, ಸಾಹೇಬರ ಕೈಕಾಲು ಹಿಡಿದು ವಾಪಸ್ ಸೇರ್ಕೊಳ್ಳಿ," ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

ಕೊನೆಗೊಂದು ಮಧ್ಯಾಹ್ನ ಅಜ್ಜಿಯೊಬ್ಬಳು ಗಂಡನ ಪ್ಯಾಂಟು ಹಿಡಿದು ಬಂದಳು. "ಇದರ ಕಾಲು ಸ್ವಲ್ಪ ಗಿಡ್ಡ ಮಾಡ್ಬೇಕಿತ್ತಪ್ಪ."

ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆಯೆತ್ತದೆ, "ನಾಳೆ ಬನ್ನಿ," ಎಂದುಬಿಟ್ಟ. ವರ್ಷಾನುಗಟ್ಟಲೆ ಆಡಿದ ಮಾತು ನಾಲಿಗೆಗೆ ಅಂಟಿಕೊಂಡಿತ್ತು.

ಅಜ್ಜಿ ಗೊಣಗುತ್ತಾ ಹೊರಟಳು. ಒಳಗಿನಿಂದ ಹೆಂಡತಿ ಅಂದಳು: "ಸೊಗಸಾಯ್ತು. ಕುರ್ಚಿ ಬಿಟ್ರೂ ಕುರ್ಚಿಯ ಬುದ್ಧಿ ಬಿಡಲಿಲ್ಲ."

ಅವನು ಬರಿಗಾಲಲ್ಲೇ ಬೀದಿಯ ತಿರುವಿನವರೆಗೆ ಓಡಿ ಅಜ್ಜಿಗೆ ಅಡ್ಡ ನಿಂತ. "ಅಜ್ಜಿ, ಅದು ಹಳೇ ಚಾಳಿ. ಈಗ್ಲೇ ಕೊಡಿ, ನೀವು ಅಂಗಡೀಲಿ ಕೂತಿರೋವಾಗ್ಲೇ ಹೊಲಿದುಕೊಡ್ತೀನಿ."

ಅಜ್ಜಿ ಅವನ ಮುಖ ದಿಟ್ಟಿಸಿದಳು. "ಕಿಟಕಿ ಹಿಂದೆ ಕೂತು ನನ್ನ ಅಲೆಸಿ ಅಲೆಸಿ ಸಾಕುಮಾಡಿದ್ದು ನೀನೇ ಅಲ್ವೇನೋ?"

"ನಾನೇ."

"ಹಾಗಾದ್ರೆ ನಡಿ. ಇವತ್ತು ಕೆಲಸ ಮುಗಿಯೋ ತನಕ ನಾನು ಅಲ್ಲಿಂದ ಏಳಲ್ಲ," ಎಂದು ಅಜ್ಜಿ ಪ್ಯಾಂಟನ್ನು ಅವನ ಹೆಗಲಿಗೆ ಎಸೆದಳು.