ಅತ್ತೆಯ ಗಂಟು, ಸೊಸೆಯ ಗಂಟು

ಮಗ್ಗದ ಮೇಲೆ ಕತ್ತರಿ ಆಡಿಸಿ, ಉದುರಿದ ಉಣ್ಣೆಯ ಚೂರುಗಳನ್ನು ಗುಡಿಸಿದಾಗಲೇ ಅದು ಕಣ್ಣಿಗೆ ಬಿದ್ದದ್ದು. ರತ್ನಗಂಬಳಿಯ ಎಡಭಾಗ, ನಾನು ಕೂತು ನೇಯ್ದದ್ದು, ಒಳ್ಳೆ ದಾಳಿಂಬೆ ಕೆಂಪು. ಸೊಸೆ ಬಿಬಿಸೋನಾ ನೇಯ್ದ ಬಲಭಾಗ ಅದಕ್ಕಿಂತ ತುಸು ಕಪ್ಪು. ನಡುವೆ ಗೆರೆ ಎಳೆದ ಹಾಗಿತ್ತು.

ಹತ್ತಿ ಬಿಡಿಸಿ ಮುಗಿದ ಮೇಲೆ ನನ್ನ ಮಗಳು ಗುಲಾಲೆಕ್‌ಳ ಮದುವೆ. ಅವಳ ಜೊತೆ ಗಂಡನ ಮನೆಗೆ ಹೋಗಬೇಕಾದ ಗಂಬಳಿ ಅದು. ಅಲ್ಲಿಯ ಹೆಂಗಸರು ಮೊದಲು ಗಂಬಳಿಯನ್ನು ಮಗುಚಿ ನೋಡುತ್ತಾರೆ, ಆಮೇಲೆ ಮದುಮಗಳ ಮುಖ ನೋಡುತ್ತಾರೆ.

"ಇದೇನಮ್ಮಾ, ನನ್ನ ಗಂಬಳಿ ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಕೂತಿದೆ?" ಎಂದಳು ಗುಲಾಲೆಕ್.

"ನಿನ್ನ ನಾಲಿಗೆಗೂ ಒಂದು ಸಲ ಕತ್ತರಿ ಆಡಿಸ್ತೀನಿ. ಎರಡನೇ ಕೊಪ್ಪರಿಗೆ ಬಣ್ಣ ಸರಿಯಾಗಿ ಕೂತಿಲ್ಲ, ಅಷ್ಟೇ."

ಹಾಗೆಂದೇ ನಂಬಿದ್ದೆ. ಕೆಂಪು ಕೊಡುವ ಮಂಜಿಷ್ಠದ ಬೇರು ಕುದಿಯಬಾರದು. ಬೆರಳು ಅದ್ದಿ ತೆಗೆಯುವಷ್ಟು ಬಿಸಿ ಇದ್ದರೆ ಸಾಕು, ಮೀರಿದರೆ ಕೆಂಪು ಹೋಗಿ ಕಂದು ಬರುತ್ತದೆ. ಸೊಸೆಯ ಪಾಲಿನ ನೂಲು ಅದ್ದಿದ ಎರಡನೇ ಕೊಪ್ಪರಿಗೆ ಇಟ್ಟ ದಿನ ಮರಳುಗಾಡಿನಿಂದ ಗಾಳಿ ಎದ್ದಿತ್ತು. ಬೆಂಕಿ ನೋಡಿಕೊಂಡವಳು ಬಿಬಿಸೋನಾ.

ಅವಳೇನೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ವಸಂತದಲ್ಲಿ ಮನೆ ತುಂಬಿದ ಹೊಸ ಸೊಸೆ. ಅತ್ತೆ ಬಾಯಿ ಬಿಡಿಸುವ ತನಕ ಹಿರಿಯರೆದುರು ಮಾತಾಡುವ ಹಾಗಿಲ್ಲ, ಅದು ನಮ್ಮ ಪದ್ಧತಿ. ನನ್ನೆದುರು, ನನ್ನ ಗಂಡನೆದುರು ತಲೆವಸ್ತ್ರದ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡೇ ಓಡಾಡುತ್ತಿದ್ದಳು. ಏನಾದರೂ ಬೇಕಿದ್ದರೆ ನಾದಿನಿಯ ಕಿವಿಯಲ್ಲಿ ಉಸುರುತ್ತಿದ್ದಳು. ಗುಲಾಲೆಕ್ ಅದನ್ನು ನನಗೆ ಮುಟ್ಟಿಸುತ್ತಿದ್ದ ರೀತಿ ಹೀಗೆ: "ಅತ್ತಿಗೆ ಉಪ್ಪು ಎಲ್ಲಿದೆ ಅಂತ ಕೇಳ್ತಿದ್ದಾರೆ. ನಾದಿನಿ ತುಂಬ ಚೆಂದ ಇದ್ದಾಳೆ ಅಂತಲೂ ಹೇಳಿದ್ರು."

ಜರಡಿ ಕೇಳಲು ಬಂದ ಪಕ್ಕದ ಮನೆಯ ತುವಕ್‌ಬಿಬಿ ಮಗ್ಗದ ಮುಂದೆ ನಿಂತಳು. "ಅಯ್ಯೋ, ಕಡಲ ಕಡೆ ಹುಡುಗಿ ಅಲ್ವಾ? ಮೀನು ಬೇಯಿಸ್ತಿದ್ದೀನಿ ಅಂದ್ಕೊಂಡು ಉರಿ ಹಾಕಿರಬೇಕು! ನಮ್ಮ ಅತ್ತೆ ಆಗಿದ್ರೆ, ಕಲಿಸಿ ಕಳಿಸಿ ಅಂತ ತೌರಿಗೆ ಹೊರಡಿಸ್ತಿದ್ರು."

ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದ ಬಿಬಿಸೋನಾಳ ಕೈಯಲ್ಲಿ ಕದಿರು ನಿಂತುಹೋಯಿತು.

"ಜರಡಿ ಸಿಕ್ತಲ್ಲ ಅಕ್ಕಾ, ಹೊರಡು. ನಿನ್ನ ಹಿಟ್ಟು ಕಾಯ್ತಿರುತ್ತೆ" ಎಂದೆ. ಆದರೆ ಮಾತು ಬಿದ್ದಾಗಿತ್ತು. ಆ ರಾತ್ರಿ ಸೊಸೆ ಊಟ ಮಾಡಲಿಲ್ಲ.

ಮರುದಿನ ರೊಟ್ಟಿ ಸುಟ್ಟು, ಒಂಟೆಗೆ ನೀರಿಟ್ಟು ಬಂದು ಬಣ್ಣ ಹಿಡಿಯಲೆಂದು ಪಟಿಕದ ನೀರಿನಲ್ಲಿ ಹೊಸ ನೂಲು ನೆನೆಹಾಕಿದೆ. ಬಲಭಾಗವನ್ನು ಬಿಚ್ಚಿ ಮತ್ತೆ ನೇಯುವುದೆಂದು ತೀರ್ಮಾನಿಸಿದ್ದೆ. ಚೀಲದಲ್ಲಿದ್ದ ಬೇರು ಪೂರ್ತಿ ಇದಕ್ಕೇ ಬೇಕಾಗುತ್ತದೆ. ಹೊಸ ಬೇರು ಅಗೆಯುವ ಹೊತ್ತಿಗೆ ಮದುವೆ ಮುಗಿದಿರುತ್ತದೆ. ಒರಳಿಗೆ ಬೇರು ಸುರಿದು ಒನಕೆ ಎತ್ತಿದೆ. ಬಿಬಿಸೋನಾ ಬಂದು ಒರಳಿನ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಬೇಡಿ ಅತ್ತೆ."

ಗೋಡೆಯಾಚೆಯಿಂದ ಅವಳ ನಗು ಕೇಳಿದ್ದೆ, ಮಾತು ಕೇಳಿರಲಿಲ್ಲ. ದನಿ ನಾನೆಣಿಸಿದ್ದಕ್ಕಿಂತ ದಪ್ಪಗಿತ್ತು.

"ಬೆಂಕಿ ಏರಲಿಲ್ಲ. ಬಣ್ಣ ಕೆಟ್ಟಿಲ್ಲ. ನನ್ನ ಗಂಟು ಬೇರೆ."

ಎರಡೂ ಕೊಪ್ಪರಿಗೆಗಳಲ್ಲಿ ಅದ್ದಿದ್ದರಲ್ಲಿ ಮಿಕ್ಕಿದ್ದ ನೂಲಿನ ಲಡಿಗಳನ್ನು ತಂದು ನನ್ನ ಅಂಗೈ ಮೇಲಿಟ್ಟಳು. ಎರಡೂ ಒಂದೇ ಕೆಂಪು. ಆಮೇಲೆ ಮಗ್ಗಕ್ಕೆ ಕೂತು ನಿಧಾನವಾಗಿ ಒಂದು ಗಂಟು ಹಾಕಿ ತೋರಿಸಿದಳು. ನಾವು ತೆಕೆ ಕುಲದ ಹೆಂಗಸರು ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆಯನ್ನು ಸುತ್ತಿ, ಪಕ್ಕದ ಎಳೆಯ ಹಿಂದಿನಿಂದ ನೂಲು ತೆಗೆಯುತ್ತೇವೆ. ಕಡಲ ಕಡೆಯ ಯೋಮುತ ಕುಲದವರ ಮನೆಯಲ್ಲಿ ಕಲಿತ ಅವಳು ಎರಡು ಎಳೆಗಳನ್ನೂ ಸುತ್ತಿ ನಡುವಿನಿಂದ ತೆಗೆದಳು.

"ನಿಮ್ಮ ಉಣ್ಣೆ ಪಕ್ಕಕ್ಕೆ ಮಲಗುತ್ತೆ, ನಂದು ಎದ್ದು ನಿಲ್ಲುತ್ತೆ. ಅದಕ್ಕೇ ಕಪ್ಪು ಕಾಣೋದು."

"ಗುಲಾಲೆಕ್ ಹತ್ರ ಹೇಳಿ ಕಳಿಸಬಹುದಿತ್ತಲ್ಲ ಮಗಳೇ?"

"ನಾನು ಅತ್ತೆ ಗಂಟೇ ಸರಿಯಿಲ್ಲ ಅಂದೆ ಅಂತ ಅವಳು ಸೇರಿಸಿ ಹೇಳಿಬಿಟ್ಟಿದ್ರೆ?"

ಬಾಗಿಲಲ್ಲಿದ್ದ ಗುಲಾಲೆಕ್, "ಹೇಳೇ ಹೇಳ್ತಿದ್ದೆ" ಎಂದಳು.

ಆಗಲೇ ಬಿಬಿಸೋನಾಳಿಗೆ ತಾನು ಬಾಯಿ ಬಿಟ್ಟದ್ದು ಅರಿವಾಯಿತು. ಕೈ ತಲೆವಸ್ತ್ರದ ಅಂಚು ಹುಡುಕಿತು. ಆ ಕೈ ಹಿಡಿದುಕೊಂಡೆ. ಅವಳನ್ನು ಅಲ್ಲೇ ಕೂರಿಸಿ, ಪೆಟ್ಟಿಗೆಯಿಂದ ರೇಷ್ಮೆಯ ತಲೆವಸ್ತ್ರ ತಂದೆ. ಸೊಸೆಯ ಬಾಯಿ ಬಿಡಿಸುವಾಗ ಅತ್ತೆ ಕೊಡಬೇಕಾದ ಉಡುಗೊರೆ. ಮೊದಲ ಮೊಮ್ಮಗುವಿನ ಹೊತ್ತಿಗೆ ಎಂದು ಎತ್ತಿಟ್ಟಿದ್ದೆ.

"ಮಾವನೆದುರು ಬೇಕಾದ್ರೆ ಕಚ್ಚಿಕೋ. ನನ್ನೆದುರು ಇನ್ನು ಬೇಡ. ತೌರಿಗೆ ಹೋದ್ರೆ ನಿಮ್ಮಮ್ಮನನ್ನ ನೋಡೋಕೆ ಹೋಗು, ಕಲಿಯೋಕಲ್ಲ."

ಅವಳು ಅದನ್ನು ಹಣೆಗೊತ್ತಿಕೊಂಡು ಸ್ವಲ್ಪ ಅತ್ತಳು. ಗಂಬಳಿ ಮಾತ್ರ ಹಾಗೇ ಇತ್ತಲ್ಲ. "ಬಿಚ್ಚಲಾ, ಬಿಡಲಾ? ನಿನ್ನದು, ನೀನೇ ಹೇಳು" ಎಂದು ಮಗಳನ್ನು ಕೇಳಿದೆ.

ಗುಲಾಲೆಕ್ ನೆಲದ ಮೇಲೆ ಹಾಸಿದ್ದ ಮಗ್ಗವನ್ನು ಸುತ್ತಿ ಹೋಗಿ ಆಚೆ ಬದಿಯಲ್ಲಿ ಕುಕ್ಕರಿಸಿದಳು. "ಈ ಕಡೆಯಿಂದ ನಿನ್ನ ಭಾಗಾನೇ ಕಪ್ಪು ಕಾಣುತ್ತೆ ಅಮ್ಮ! ಬಿಚ್ಬೇಡಿ. ಇದು ಅಮ್ಮಂದು, ಇದು ಅತ್ತಿಗೇದು ಅಂತೀನಿ."

"ಗಂಡನ ಮನೆಯವರು ಆಡ್ಕೊಂಡ್ರೆ?"

"ಆಡ್ಕೊಳ್ಳಲಿ. ನಂಗೂ ಬಾಯಿ ಬಿಡೋ ದಿನ ಬರುತ್ತಲ್ಲ."

ಬೇರನ್ನು ಚೀಲಕ್ಕೆ ತುಂಬಿದೆ. ಅತ್ತೆ ಸೊಸೆ ಮತ್ತೆ ನಮ್ಮ ನಮ್ಮ ಜಾಗದಲ್ಲಿ ಕೂತೆವು. ಅಂದು ಕೆಲಸ ಸಾಗಲೇ ಇಲ್ಲ. ಬಿಬಿಸೋನಾ ಮಾತಾಡುತ್ತಲೇ ಇದ್ದಳು. ಅವಳಮ್ಮನ ಮಂಡಿನೋವು, ಕಡಲ ಗಾಳಿ, ನಮ್ಮ ಟಗರಿನ ಕೆಟ್ಟ ಬುದ್ಧಿ. ಕೊನೆಗೆ, ನಾನು ಪಲಾವಿಗೆ ಕ್ಯಾರೆಟ್ ಹಾಕುವುದು ಏನೇನೂ ಸಾಲದು ಎಂದಳು.

"ಅಮ್ಮಾ, ಆ ರೇಷ್ಮೆ ವಾಪಸ್ ತಗೋ" ಎಂದಳು ಗುಲಾಲೆಕ್.

ಸೊಸೆ ನಗುತ್ತಲೇ ಹೊಕ್ಕಿನ ನೂಲನ್ನು ನನ್ನತ್ತ ಹಾಯಿಸಿದಳು. ನಾನು ಹಿಡಿದುಕೊಂಡೆ.